ಲೈಸೆನ್ಸ್ ಬೇಡ ಅನ್ನೋ ಎಲೆಕ್ಟ್ರಿಕ್ ಸ್ಕೂಟರ್ ಮಗಳಿಗೆ ಕೊಡಿಸಬಹುದಾ?

ಮೇಡಂ, ನಿಮ್ಮ ಮಗಳಿಗೆ 17 ವರ್ಷ, ಸೆಕೆಂಡ್ ಪಿಯು, ಉತ್ತರಹಳ್ಳಿಯಿಂದ ಜಯನಗರದ ಕಾಲೇಜಿಗೆ ಹೋಗಬೇಕು. ಅಂಗಡಿಯವರು "ಇದಕ್ಕೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ" ಅಂದಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ. ಉಳಿದರ್ಧ ನಾನು ತಪ್ಪು ಮಾಡಿ ಕಲಿತಿದ್ದು, ಅದನ್ನೂ ಹೇಳ್ತೀನಿ.

ಮೊದಲು ನಿಜವಾದ ಅರ್ಧ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್ ಒಳಗಿರಬೇಕು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಮೀರಬಾರದು. ಇಷ್ಟೂ ಇದ್ದು, ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯೊಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ, ಹೆಚ್ಚುಕಮ್ಮಿ ಸೈಕಲ್ ಇದ್ದ ಹಾಗೆ. ಹಾಗಾಗಿ ಲೈಸೆನ್ಸ್, ನೋಂದಣಿ, ಇನ್ಶೂರೆನ್ಸ್ ಯಾವುದನ್ನೂ ಕೇಳೋ ಹಾಗಿಲ್ಲ.

ಆದರೆ 250 ವ್ಯಾಟ್ ಅಂದ್ರೆ ಎಷ್ಟು ಗೊತ್ತಾ? ನಿಮ್ಮ ಮನೆಯಲ್ಲಿ ಚಟ್ನಿ ರುಬ್ಬೋ ಮಿಕ್ಸಿನೇ 500 ವ್ಯಾಟ್, 750 ವ್ಯಾಟ್ ಇರುತ್ತೆ. ಅದರ ಅರ್ಧ ಶಕ್ತಿಯಲ್ಲಿ ಒಬ್ಬ ಮನುಷ್ಯ, ಒಂದು ಬ್ಯಾಗು, ಬ್ಯಾಟರಿ ಎಲ್ಲ ಸೇರಿ ಏರು ಹತ್ತಬೇಕು.

2022ರಲ್ಲಿ ನಮ್ಮಪ್ಪನಿಗೆ ಅಂತ ಇಂಥದ್ದೇ ಒಂದು ತಂದೆ. ಅವರ ಲೈಸೆನ್ಸ್ ಮುಗಿದಿತ್ತು. ಮಂಡಿ ನೋವು, ಹನುಮಂತನಗರದಿಂದ ಗಾಂಧಿ ಬಜಾರಿಗೆ ಹೋಗಿ ಹೂವು ತರಕಾರಿ ತಂದರೆ ಸಾಕು. ಬೆಲೆನೂ ಕಡಿಮೆ ಅಂತ ಕಣ್ಣುಮುಚ್ಚಿ ತಗೊಂಡೆ. ಮೊದಲ ವಾರವೇ ಕೆಂಪಾಂಬುಧಿ ಕೆರೆ ಕಡೆಯಿಂದ ಮೇಲಕ್ಕೆ ಬರುವಾಗ ಗಾಡಿ ಅರ್ಧದಲ್ಲಿ ಏದುಸಿರು ಬಿಡ್ತು, ಅಪ್ಪ ಇಳಿದು ತಳ್ಳಿಕೊಂಡು ಬಂದರು. ಅಂಗಡಿಗೆ ಹೋಗಿ ಕೇಳಿದರೆ ಹುಡುಗ ನಕ್ಕ. "ಸರ್, ವೇಗ ತಡೆಯೋ ವೈರ್ ಇಲ್ಲೊಂದಿದೆ, ಅದನ್ನ ಕಿತ್ತರೆ ಆಯ್ತು, ಎಲ್ಲರೂ ಹಾಗೇ ಮಾಡಿಸ್ಕೊಳ್ತಾರೆ" ಅಂದ. ಎರಡು ನಿಮಿಷದ ಕೆಲಸ. ನಾನೂ ಸುಮ್ನೆ ನೋಡ್ತಾ ನಿಂತಿದ್ದೆ, ಮಾಡಿಸ್ಕೊಂಡು ಬಂದೆ. ಗಾಡಿ ಆರಾಮಾಗಿ 40 ದಾಟಲು ಶುರುವಾಯ್ತು. ಅಂದ್ರೆ ಒಳಗಿದ್ದ ಮೋಟಾರು 250 ವ್ಯಾಟಿನದ್ದೇ ಆಗಿರಲಿಲ್ಲ, ದೊಡ್ಡದೇ ಇತ್ತು, ಕಟ್ಟಿಹಾಕಿ ಮಾರಿದ್ದರು ಅಷ್ಟೇ. ಇದು ನನ್ನ ತಲೆಗೆ ಹೊಳೆದಿದ್ದು ಮಾತ್ರ ಆಮೇಲೆ.

ನಮ್ಮಣ್ಣನ ಮಗ ಒಂದು ದಿನ ಅದನ್ನ ತಗೊಂಡು ಹೋಗಿದ್ದಾಗ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರು ನಿಲ್ಲಿಸಿದರು. 25 ಕಿ.ಮೀ. ಅಂತ ಬರೆದಿದ್ದ ಬಿಲ್ಲನ್ನ ಇವನು ಫೋನಲ್ಲಿ ತೋರಿಸಿದ. ಪೊಲೀಸ್ ಏನೂ ಜಗಳ ಮಾಡಲಿಲ್ಲ, ಡಬಲ್ ಸ್ಟ್ಯಾಂಡ್ ಹಾಕಿಸಿ ಎಕ್ಸಿಲರೇಟರ್ ತಿರುಗಿಸಿದ. ಮೀಟರ್ 48 ತೋರಿಸ್ತು. (ಭಾರ ಇಲ್ಲದೆ ಗಾಳಿಯಲ್ಲಿ ತಿರುಗೋ ಚಕ್ರ ಸ್ವಲ್ಪ ಜಾಸ್ತಿ ತೋರಿಸುತ್ತೆ, ಒಪ್ತೀನಿ. ಆದ್ರೆ 25ಕ್ಕೂ 48ಕ್ಕೂ ಎಲ್ಲಿಂದೆಲ್ಲಿಗೆ.) ಅವತ್ತು ಬೈದು ಬಿಟ್ಟರು. ಮಾರನೇ ದಿನವೇ ಹೋಗಿ ವೈರ್ ಹಾಕಿಸಿದೆ.

ಈ ವಿಷಯದಲ್ಲಿ ಮುಖ್ಯವಾದ ಮಾತು ಇದೇ. 25 ದಾಟಿದ ಕ್ಷಣದಿಂದ ಅದು ಪೂರ್ತಿ ಮೋಟಾರು ವಾಹನ. ಆಗ ನೀವು ನೋಂದಣಿ ಇಲ್ಲದ, ಇನ್ಶೂರೆನ್ಸ್ ಇಲ್ಲದ ಗಾಡಿಯನ್ನ ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟ ಹಾಗೆ. ಓಡಿಸಿದವರು 18 ತುಂಬದವರಾದರೆ ಇನ್ನೂ ಕಷ್ಟ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು, ಮಗುವಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಸಿಗಲ್ಲ. ದಂಡ ಬಿಡಿ, ಕಟ್ಟಿ ಮರೆಯಬಹುದು. ಯಾರಿಗಾದರೂ ಗುದ್ದಿ ಕೈಕಾಲು ಮುರಿದರೆ ಪರಿಹಾರ ಕೊಡೋಕೆ ಇನ್ಶೂರೆನ್ಸ್ ಕಂಪನಿ ಇರಲ್ಲ, ನೀವೇ ಕೊಡಬೇಕು. ಅಂಗಡಿಯವನು ಆಗ ಫೋನ್ ಎತ್ತಲ್ಲ.

ಇನ್ನೊಂದು ಗೊಂದಲ ತುಂಬಾ ಜನಕ್ಕಿದೆ. ಹಸಿರು ನಂಬರ್ ಪ್ಲೇಟ್ ಇದ್ದರೆ ಲೈಸೆನ್ಸ್ ಬೇಡ ಅಂದ್ಕೊಳ್ತಾರೆ. ಉಲ್ಟಾ. ಹಸಿರು ಪ್ಲೇಟ್ ಮೇಲೆ ಬಿಳಿ ಅಕ್ಷರ ಇದ್ದರೆ ಅದು ನೋಂದಣಿಯಾದ ಖಾಸಗಿ ಎಲೆಕ್ಟ್ರಿಕ್ ವಾಹನ, ಪೆಟ್ರೋಲ್ ಸ್ಕೂಟರಿಗೆ ಇರೋ ಹಾಗೆ ಲೈಸೆನ್ಸು, ಇನ್ಶೂರೆನ್ಸು, ಹೆಲ್ಮೆಟ್ಟು ಎಲ್ಲ ಬೇಕು.

ಸರಿ, ವೈರ್ ಗೀರ್ ಕೀಳಿಸದೆ, ಅಪ್ಪಟ 25ರ ಗಾಡಿಯನ್ನೇ ಕೊಡಿಸ್ತೀನಿ ಅಂತೀರಾ? ಕಾನೂನು ಅಡ್ಡ ಬರಲ್ಲ. ಆದರೆ ನನ್ನನ್ನ ಕೇಳಿದರೆ ಆ ದಾರಿಗೆ ಬೇಡ. ಉತ್ತರಹಳ್ಳಿಯಿಂದ ಜಯನಗರ ಅಂದ್ರೆ ಮಧ್ಯೆ ರಿಂಗ್ ರೋಡ್ ದಾಟಲೇಬೇಕು. ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಹೊಡೀತಾ ಇರುತ್ತೆ, ಪಕ್ಕದಲ್ಲಿ ನೀರಿನ ಟ್ಯಾಂಕರ್. ಎಲ್ಲರೂ 40-50ರಲ್ಲಿ ಹೋಗುವ ರಸ್ತೆಯಲ್ಲಿ 25ರಲ್ಲಿ ಹೋಗೋದೇ ಒಂದು ಅಪಾಯ. ಹೆದರಿ ಫುಟ್‌ಪಾತ್ ಹತ್ತಿಸಿದರೆ ಅದಕ್ಕೂ ಪೊಲೀಸರು ಹಿಡೀತಾರೆ, ಹಿಡಿಯಲೂ ಬೇಕು. ಇಂಥ ಗಾಡಿ ಮನೆ ಸುತ್ತಮುತ್ತ, ಒಳರಸ್ತೆಯಲ್ಲಿ, ಎರಡು ಮೂರು ಕಿ.ಮೀ. ಓಡಾಟಕ್ಕೆ ಲಾಯಕ್ಕು. ನಮ್ಮಪ್ಪ ಈಗಲೂ ಗಾಂಧಿ ಬಜಾರಿಗೆ ಅದರಲ್ಲೇ ಹೋಗ್ತಾರೆ, ಆ ಏರಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು.

ಬ್ಯಾಟರಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ. ಕಡಿಮೆ ಬೆಲೆಯ ಗಾಡಿಗಳಲ್ಲಿ ಲೆಡ್ ಆಸಿಡ್ ಬ್ಯಾಟರಿ ಇರುತ್ತೆ, ನಮ್ಮದು ಒಂದೂವರೆ ವರ್ಷಕ್ಕೆ ಕೈಕೊಟ್ಟಿತು. ಲಿಥಿಯಂ ಇದೆಯಾ ಅಂತ ಬಿಲ್ಲಿನಲ್ಲೇ ಬರೆಸ್ಕೊಳ್ಳಿ. ರಾತ್ರಿ ಎಲ್ಲರೂ ಮಲಗಿರುವಾಗ ಬಾಗಿಲ ಹತ್ತಿರ ಚಾರ್ಜಿಗೆ ಹಾಕಬೇಡಿ, ಹೊರಗೆ ಓಡೋ ದಾರಿ ಅದೇ ಅಲ್ವಾ. 2022ರಲ್ಲಿ ಎಷ್ಟು ಸ್ಕೂಟರ್‌ಗಳಿಗೆ ಬೆಂಕಿ ಬಿತ್ತು ಅಂತ ನೆನಪಿರಬೇಕು, ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಗಿದ್ದೇ ಅದಾದ ಮೇಲೆ.

ಸದ್ಯಕ್ಕೆ ನಾನಾಗಿದ್ದರೆ ಬನಶಂಕರಿ ತನಕ ಬಸ್ಸಲ್ಲಿ ಕಳಿಸಿ ಅಲ್ಲಿಂದ ಹಸಿರು ಲೈನ್ ಮೆಟ್ರೋ ಹತ್ತಿಸ್ತಿದ್ದೆ, ಜಯನಗರ ಎರಡನೇ ಸ್ಟಾಪು. 18 ತುಂಬಿದ ದಿನವೇ ಆನ್‌ಲೈನಲ್ಲಿ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸ್) ಅರ್ಜಿ ಹಾಕಿ, ಅದು ಬಂದು 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಅಷ್ಟರಲ್ಲಿ ಸರಿಯಾದ, ಹಸಿರು ಪ್ಲೇಟಿನ ಗಾಡಿ ನೋಡಿಟ್ಟುಕೊಳ್ಳಿ. ಇಲ್ಲ, ಈಗಲೇ ಆ ಅಂಗಡಿಗೆ ಹೋಗ್ತೀನಿ ಅಂದ್ರೆ ಪರೀಕ್ಷಾ ಸಂಸ್ಥೆಯ ಸರ್ಟಿಫಿಕೇಟ್ ತೋರಿಸಿ ಅನ್ನಿ. ಅದರಲ್ಲಿರೋ ಮಾಡೆಲ್ ಹೆಸರು, ಮೋಟಾರಿನ ವ್ಯಾಟ್ ಗಾಡಿ ಮೇಲಿರೋದಕ್ಕೆ ತಾಳೆ ಆಗುತ್ತಾ ನೋಡಿ. ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ "ಇದು ಇನ್ನೂ ಜೋರಾಗಿ ಹೋಗಲ್ವಾ?" ಅಂತ ಕೇಳಿ. ವೈರ್ ಕೀಳೋಕೆ ಕೈ ಹಾಕಿದರೆ ಅಲ್ಲಿಂದ ಎದ್ದು ಬನ್ನಿ.