ಒಂದನೇ ತರಗತಿಯ ಮಕ್ಕಳು ನೂರರವರೆಗೆ ಬಾಯಿಪಾಠ ಹೇಳುತ್ತಾರೆ, ಏಳು ಕಡ್ಡಿ ಎಣಿಸಿ ಕೊಡಲು ಬರುವುದಿಲ್ಲ. ಏನು ಮಾಡಬೇಕು?

ಪ್ರಶ್ನೆ ಕೇಳಿದವರು ಸರ್ಕಾರಿ ಶಾಲೆಗೆ ಈ ವರ್ಷ ಹೊಸದಾಗಿ ಸೇರಿದ ಅತಿಥಿ ಶಿಕ್ಷಕಿ. ಅವರ ಮಕ್ಕಳು ಒಂದರಿಂದ ಐವತ್ತು, ಕೆಲವರು ನೂರರವರೆಗೂ ಸರಾಗವಾಗಿ ಹೇಳುತ್ತಾರಂತೆ. ಆದರೆ "ಏಳು ಕಡ್ಡಿ ತಂದುಕೊಡು" ಎಂದರೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಬರುತ್ತಾರಂತೆ. "ನಾನು ಕಲಿಸುವುದರಲ್ಲೇ ಏನೋ ತಪ್ಪಿದೆಯಾ?" ಎಂದು ಕೇಳಿದ್ದಾರೆ.

ಇಲ್ಲ ಮೇಡಂ, ನಿಮ್ಮ ಪಾಠ ಕೆಟ್ಟಿಲ್ಲ, ಮಕ್ಕಳೂ ದಡ್ಡರಲ್ಲ. ನಾನು ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ನಲಿಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕಲಿಯುವ ತರಗತಿ ನೋಡಿಕೊಳ್ಳುತ್ತೇನೆ. ಪ್ರತಿ ಜೂನ್ ತಿಂಗಳಲ್ಲೂ ನನ್ನೆದುರು ಕೂರುವುದು ಇಂಥ ಮಕ್ಕಳೇ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಬೇರೆ, ಎಣಿಸುವುದು ಬೇರೆ. ಮೊದಲನೆಯದು ಬಾಯಿಗೆ ಬೇಗ ಹತ್ತುತ್ತದೆ. ಎರಡನೆಯದಕ್ಕೆ ತಿಂಗಳುಗಟ್ಟಲೆ ಬೇಕು.

ಇದು ನಮ್ಮ ಮಕ್ಕಳದ್ದಷ್ಟೇ ಕಥೆಯಲ್ಲ. ಕ್ಯಾರೆನ್ ವಿನ್ ಎಂಬ ಮನೋವಿಜ್ಞಾನಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಚಿಕ್ಕ ಮಕ್ಕಳಲ್ಲಿ ಕಂಡದ್ದೂ ಇದೇ. ಎಣಿಕೆಯ ಸಾಲು ಗೊತ್ತಿದ್ದ ಮಕ್ಕಳೂ "ಇಷ್ಟು ಕೊಡು" ಎಂದಾಗ ಒಂದು ಹಿಡಿ ತೆಗೆದು ಕೊಟ್ಟರು. ಮಗು ಮೊದಲು "ಒಂದು ಕೊಡು" ಎಂದರೆ ಮಾತ್ರ ಸರಿಯಾಗಿ ಕೊಡುತ್ತದೆ. ಕೆಲವು ತಿಂಗಳ ಮೇಲೆ ಎರಡು, ಆಮೇಲೆ ಮೂರು. ಅದಾದ ಮೇಲೆ ಒಂದು ದಿನ ಗುಟ್ಟು ಹೊಳೆದು, ತನಗೆ ಎಣಿಸಲು ಬರುವಷ್ಟನ್ನೂ ಕೊಡತೊಡಗುತ್ತದೆ. ನಮ್ಮಲ್ಲಿ ಆರನೇ ವಯಸ್ಸಿಗೆ ಶಾಲೆಗೆ ಬಂದರೂ ಎಷ್ಟೋ ಮಕ್ಕಳು ಇನ್ನೂ ಆ ಮೂರರ ಹಂತದಲ್ಲೇ ಇರುತ್ತಾರೆ. ಅವರಿಗೆ "ಒಂದರಿಂದ ನೂರು ಹೇಳು" ಅಂದವರು ಬೇಕಾದಷ್ಟು ಜನ ಇದ್ದಾರೆ. "ನಾಲ್ಕು ಮೆಣಸಿನಕಾಯಿ ಎಣಿಸಿ ತಾ" ಅಂದವರು ಕಡಿಮೆ.

ಹಾಗಾಗಿ ಮೊದಲು ಪ್ರತಿ ಮಗು ಎಲ್ಲಿದೆ ಎಂದು ನೋಡಿ. ಒಂದು ತಟ್ಟೆಯಲ್ಲಿ ಇಪ್ಪತ್ತು ಹುಣಸೆ ಬೀಜ ಹಾಕಿಟ್ಟು, ಮಗುವನ್ನು ಹತ್ತಿರ ಕೂರಿಸಿಕೊಂಡು ಎರಡು ಕೇಳಿ, ಮೂರು ಕೇಳಿ, ಐದು ಕೇಳಿ. ಎಲ್ಲರೆದುರು ನಿಲ್ಲಿಸಿ ಕೇಳಬೇಡಿ, ಪಕ್ಕದವರನ್ನು ನೋಡಿ ಕೊಟ್ಟುಬಿಡುತ್ತಾರೆ. ಮಗು ಬೀಜ ತೆಗೆಯುವಾಗ ಅದರ ಬೆರಳನ್ನೇ ಗಮನಿಸಿ. ಏನೆಲ್ಲ ಕಾಣುತ್ತದೆ ಗೊತ್ತೇ? ಒಬ್ಬ ಹುಡುಗ "ಎ–ರ–ಡು" ಎನ್ನುತ್ತ ಮೂರು ಬೀಜ ಮುಟ್ಟುತ್ತಾನೆ, ಅಕ್ಷರಕ್ಕೊಂದು ಬೀಜ. ಅವನ ಮಟ್ಟಿಗೆ ಅದೂ ಒಂದು ಲೆಕ್ಕ, ಅವನಿಗೆ ತಾಳ ಸಿಕ್ಕಿದೆ. ಇನ್ನೊಬ್ಬಳ ಬಾಯಿ ಬೆರಳಿಗಿಂತ ಮುಂದೆ ಓಡುತ್ತಿರುತ್ತದೆ. ಮತ್ತೊಬ್ಬ ಬೀಜಗಳನ್ನು ದುಂಡಗೆ ಹರಡಿಕೊಂಡು ಎಲ್ಲಿ ಶುರು ಮಾಡಿದೆ ಎಂಬುದನ್ನೇ ಮರೆತು ಸುತ್ತುತ್ತಲೇ ಇರುತ್ತಾನೆ. ಮೂವರದ್ದೂ ಬೇರೆ ಬೇರೆ ತೊಡಕು. ಮೂವರಿಗೂ ಮತ್ತೆ ನೂರರವರೆಗೆ ಹೇಳಿಸಿದರೆ ಒಂದೂ ಬಗೆಹರಿಯುವುದಿಲ್ಲ.

ನನಗೆ ಚೆನ್ನಾಗಿ ಒಗ್ಗಿರುವ ಉಪಾಯ ಸ್ಟೀಲ್ ತಟ್ಟೆಯದು. ಬೀಜವನ್ನು ಮುಟ್ಟಿ ಎಣಿಸುವ ಬದಲು ಎತ್ತಿ ತಟ್ಟೆಗೆ ಹಾಕಬೇಕು, ಟಣ್ ಎಂದ ಮೇಲೆ ಸಂಖ್ಯೆ ಹೇಳಬೇಕು. ಬೀಜ ಎದ್ದು ಆಚೆ ಹೋಗುವುದರಿಂದ ಎರಡು ಸಲ ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಸದ್ದು ಒಂದೇ ಆದ್ದರಿಂದ "ಎರಡು" ಎಂಬ ಮಾತೂ ಒಂದೇ ಏಟಿಗೆ ಬರುತ್ತದೆ. ಕಣದಲ್ಲಿ ರಾಶಿ ಅಳೆಯುವ ಹಿರಿಯರನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ಮೊದಲ ಅಳತೆಗೆ ಒಂದು ಎನ್ನದೆ "ಲಾಭ" ಎನ್ನುತ್ತಾರೆ, ಆಮೇಲೆ ಎರಡು, ಮೂರು. ಆದರೆ ಅಳತೆ ಚೀಲಕ್ಕೆ ಬೀಳುವ ತನಕ ಮುಂದಿನ ಮಾತು ಬಾಯಿಂದ ಬರುವುದಿಲ್ಲ. ನಮ್ಮ ಹಳ್ಳಿಯ ಮಕ್ಕಳು ಇದನ್ನು ನೋಡಿಯೇ ಬೆಳೆದಿರುತ್ತಾರೆ, ನಾವು ಅದನ್ನು ತರಗತಿಯೊಳಗೆ ಕರೆದುಕೊಳ್ಳುವುದಿಲ್ಲ ಅಷ್ಟೇ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಮಗು ಆರು ಬೀಜ ತಪ್ಪಿಲ್ಲದೆ ಎಣಿಸಿತು ಅನ್ನಿ. ತಕ್ಷಣ ಅಂಗೈಯಿಂದ ಬೀಜ ಮುಚ್ಚಿ "ಎಷ್ಟು ಅದಾವು?" ಎಂದು ಕೇಳಿ. ತಿಳಿದ ಮಗು "ಆರ್ ಅದಾವ್ರಿ ಅಕ್ಕೋರ" ಎನ್ನುತ್ತದೆ. ತಿಳಿಯದ ಮಗು ನಿಮ್ಮ ಕೈ ಸರಿಸಿ ಮತ್ತೆ ಒಂದರಿಂದ ಶುರು ಮಾಡುತ್ತದೆ. ಏಕೆಂದರೆ ಅದರ ಪಾಲಿಗೆ "ಆರು" ಎನ್ನುವುದು ಕೊನೆಯ ಬೀಜದ ಹೆಸರು, ಇಡೀ ಗುಂಪಿನದ್ದಲ್ಲ. ಕೊನೆಗೆ ಹೇಳಿದ ಸಂಖ್ಯೆ ಎಲ್ಲಕ್ಕೂ ಸೇರಿ ಆಗುತ್ತದೆ ಎಂಬುದೇ ಎಣಿಕೆಯ ತಿರುಳು. ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಗೆ ಐದು ತತ್ವಗಳನ್ನು ಗುರುತಿಸಿದಾಗ ಇದನ್ನೂ ಅದರಲ್ಲಿ ಸೇರಿಸಿದ್ದರು. ವಸ್ತುವಿಗೊಂದೇ ಮಾತು, ಮಾತಿನ ಕ್ರಮ ಬದಲಾಗಬಾರದು, ಯಾವ ತುದಿಯಿಂದ ಎಣಿಸಿದರೂ ಅಷ್ಟೇ ಬರುತ್ತದೆ, ಯಾವುದನ್ನು ಬೇಕಾದರೂ ಎಣಿಸಬಹುದು ಎನ್ನುವುವು ಉಳಿದ ನಾಲ್ಕು. ಈ ಐದರಲ್ಲಿ ಬಾಯಿಪಾಠದಿಂದ ಗಟ್ಟಿಯಾಗುವುದು ಕ್ರಮ ಒಂದೇ.

ಅದಕ್ಕೇ ತರಗತಿಯಲ್ಲಿ ನಾನು "ಎಷ್ಟಿವೆ?" ಎನ್ನುವುದಕ್ಕಿಂತ "ಇಷ್ಟು ತಾ" ಎನ್ನುವುದೇ ಹೆಚ್ಚು. "ಎಷ್ಟಿವೆ" ಎಂದರೆ ಮಗು ಸಾಲು ಒಪ್ಪಿಸಿ ಪಾರಾಗುತ್ತದೆ. "ಏಳು ತಾ" ಎಂದರೆ ಏಳನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು, ಎಣಿಸುತ್ತ ಹೋಗಿ, ಏಳಕ್ಕೆ ನಿಲ್ಲಬೇಕು. ಈ ನಿಲ್ಲುವುದೇ ಕಷ್ಟ. ನಿಮ್ಮ ಮಕ್ಕಳು ಬಾಚಿ ತರುತ್ತಿರುವುದೂ ಇದಕ್ಕೇ.

ಅಂಥ ಸಂದರ್ಭವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ದಿನಾ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ತಾನಾಗಿಯೇ ಬರುತ್ತದೆ. "ನಿಮ್ಮ ಸಾಲಿನವರಿಗೆ ಸರಿಯಾಗಿ ತಟ್ಟೆ ತಾ, ಒಂದೇ ಸಲ ಹೋಗಿ ಬರಬೇಕು" ಎಂದು ಒಂದು ಮಗುವನ್ನು ಕಳಿಸಿ. ಕಡಿಮೆ ತಂದರೆ ಗೆಳೆಯ ತಟ್ಟೆಯಿಲ್ಲದೆ ಕೂರುತ್ತಾನೆ, ಹೆಚ್ಚಾದರೆ ಕೈಯಲ್ಲಿ ಉಳಿಯುತ್ತದೆ. ತಪ್ಪು ಎಂದು ನಾವು ಹೇಳಬೇಕಿಲ್ಲ, ತಟ್ಟೆಯೇ ಹೇಳುತ್ತದೆ. ಮೊಟ್ಟೆ ಕೊಡುವ ದಿನ ಇನ್ನೂ ಒಳ್ಳೆಯದು. ಮೊಟ್ಟೆ ಬೇಕಾದವರು ಹುಣಸೆ ಬೀಜ, ಬಾಳೆಹಣ್ಣು ಬೇಕಾದವರು ಹೊಂಗೆ ಬೀಜ ತಂದು ಎರಡು ಸಾಲಾಗಿ ಜೋಡಿಸುತ್ತಾರೆ. ಯಾವ ಸಾಲು ಉದ್ದ, ಎಷ್ಟು ಹೆಚ್ಚು ಎಂದು ನೋಡಿ, ಎಣಿಸಿ, ಅಡುಗೆಯವರಿಗೆ ಹೋಗಿ ಹೇಳುವುದು ಒಂದನೇ ತರಗತಿಯವರ ಕೆಲಸ. ಅಡುಗೆಯವರು "ಎಷ್ಟ್ ಬೇಕವ್ವಾ?" ಎಂದು ನಿಜವಾಗಿಯೂ ಕೇಳುತ್ತಾರೆ, ಆ ಉತ್ತರದ ಮೇಲೆ ಮೊಟ್ಟೆ ಬರುತ್ತವೆ. ವರ್ಕ್‌ಶೀಟಿಗೆ ಆ ತೂಕ ಎಲ್ಲಿಂದ ಬರಬೇಕು!

ಐದರೊಳಗೇ ಸಾಕಷ್ಟು ದಿನ ಆಡಿಸಿ. ಮೂರು ನಾಲ್ಕು ವಸ್ತುಗಳನ್ನು ನಾವು ಎಣಿಸದೆಯೇ ಒಂದು ನೋಟಕ್ಕೆ ಗುರುತಿಸುತ್ತೇವೆ, ಮಕ್ಕಳಿಗೂ ಅದು ಬರುತ್ತದೆ. ಇದಕ್ಕೆ ಚೌಕಾಬಾರದಷ್ಟು ಒಳ್ಳೆಯ ಆಟ ನಾನು ಕಂಡಿಲ್ಲ. ನಾಲ್ಕು ಕವಡೆ ಎಸೆದು, ಎಷ್ಟು ಬಾಯಿ ಮೇಲಾಗಿ ಬಿದ್ದಿವೆ ಎಂದು ಕಣ್ಣಲ್ಲೇ ನೋಡಿ ಕಾಯಿ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕಾಯಿ ನಡೆಸುವಾಗ ಒಂದು ತಪ್ಪು ಹೆಚ್ಚಿನ ಮಕ್ಕಳಲ್ಲಿ ಕಾಣುತ್ತದೆ: ಕಾಯಿ ನಿಂತ ಮನೆಯನ್ನೇ ಒಂದು ಎಂದು ಎಣಿಸಿಬಿಡುತ್ತಾರೆ. ಬಾಯಲ್ಲಿ ಹೇಳಿ ತಿದ್ದುವ ಬದಲು ಕಾಯಿಯನ್ನು ಕೈಯಲ್ಲಿ ಎತ್ತಿಸಿ, "ಎದ್ದು ಹೋಗಿ ಕೂತ ಮೇಲೆ ಒಂದು" ಎಂದು ಹೇಳಿಸಿ. ಮುಂದೆ ಸಂಖ್ಯಾರೇಖೆ ಬಂದಾಗ ಆಗುವ ತಪ್ಪೂ ಇದೇ, ಇಲ್ಲಿ ಬಗೆಹರಿದರೆ ಅಲ್ಲಿ ಕಾಡುವುದಿಲ್ಲ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥ ಆಟದ ಮೇಲೆಯೇ. ಒಂದರಿಂದ ಹತ್ತರವರೆಗೆ ಬರೆದ ಮನೆಗಳ ಸಾಲಿನ ಮೇಲೆ ಬಡ ಕುಟುಂಬದ ಪುಟ್ಟ ಮಕ್ಕಳನ್ನು ಎರಡು ವಾರಗಳಲ್ಲಿ ಕೆಲವೇ ಸಲ ಆಡಿಸಿದ್ದಕ್ಕೆ ಅವರ ಸಂಖ್ಯಾಜ್ಞಾನ ಚೆನ್ನಾಗಿ ಸುಧಾರಿಸಿತು. ಬರೀ ಬಣ್ಣದ ಮನೆಗಳ ಮೇಲೆ ಆಡಿದ ಮಕ್ಕಳಲ್ಲಿ ಆ ಸುಧಾರಣೆ ಕಾಣಲಿಲ್ಲ. ಹಾಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುವಾಗ ಒಳಗೆ ಅಂಕಿಯನ್ನೂ ಬರೆಯಿರಿ. ಅಳಿಗುಳಿ ಮಣೆ ಸಿಕ್ಕರೆ ಅದನ್ನೂ ತನ್ನಿ, ಗುಳಿಗೊಂದರಂತೆ ಬೀಜ ಬಿಡುತ್ತ ಹೋಗುವ ಆಟ ಅದು, ವಿವರಿಸಬೇಕಾದ್ದೇ ಇಲ್ಲ.

ಬೆರಳು ಮಡಚಿ ಎಣಿಸುವ ಮಗುವನ್ನು ದಯವಿಟ್ಟು ತಡೆಯಬೇಡಿ. "ಕೈ ಕೆಳಗಿಡು, ಮನಸ್ಸಿನಲ್ಲಿ ಮಾಡು" ಎಂಬ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ದೇವರು ಕೊಟ್ಟ ಹತ್ತು ಬೆರಳು ಸದಾ ಜೊತೆಗಿರುತ್ತವೆ. ಐದು ಮತ್ತು ಹತ್ತು ಎಂಬ ಗುಂಪನ್ನು ಅವೇ ಕಲಿಸುತ್ತವೆ. ಬೇಡವಾದಾಗ ಮಗು ತಾನೇ ಬಿಡುತ್ತದೆ.

ಹತ್ತು ದಾಟಿದ ಮೇಲೆ ಬೇರೆ ಲೋಕ. ಕಸಬರಿಗೆ ಕಡ್ಡಿ ಮುರಿದು, ಹತ್ತಾದ ಕೂಡಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. ಕಟ್ಟನ್ನು ಮಕ್ಕಳೇ ಕಟ್ಟಬೇಕು, ನಾವು ಕಟ್ಟಿಟ್ಟ ಕಟ್ಟು ಅವರ ಕಣ್ಣಿಗೆ ಒಂದು ದಪ್ಪ ಕಡ್ಡಿ ಅಷ್ಟೇ. ಇಪ್ಪತ್ತರ ಮೇಲೆ ಕನ್ನಡದ ಸಂಖ್ಯೆಗಳು ಮಕ್ಕಳ ಪರವಾಗಿವೆ. ಎರಡು ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟರೆ ಇಪ್ಪತ್ತು, ಮೂರು, ಇಪ್ಪತ್ಮೂರು ಎಂದು ಕಿವಿಗೇ ಕೇಳುತ್ತದೆ. ಕಷ್ಟ ಇರುವುದು ಹನ್ನೊಂದರಿಂದ ಹತ್ತೊಂಬತ್ತರ ನಡುವೆ. ಅಲ್ಲಿ ಹತ್ತು ಎಂಬುದು ಹನ್ನೊಂದು, ಹದಿಮೂರು ಎಂಬುದರೊಳಗೆ ಅಡಗಿದೆ. ಆ ಭಾಗದಲ್ಲಿ ಅವಸರ ಬೇಡ. ಪ್ರತಿ ಸಲವೂ ಒಂದು ಕಟ್ಟು ಎಡಗೈಯಲ್ಲಿ, ಬಿಡಿ ಕಡ್ಡಿ ಬಲಗೈಯಲ್ಲಿ ಹಿಡಿಸಿಯೇ ಹೇಳಿಸಿ.

ಇಪ್ಪತ್ತೊಂಬತ್ತು ಆದ ಮೇಲೆ ಕೆಲವು ಮಕ್ಕಳು "ಇಪ್ಪತ್ತ್‌ಹತ್ತು" ಎನ್ನುತ್ತಾರೆ. ನನಗೆ ಅತ್ಯಂತ ಇಷ್ಟವಾದ ತಪ್ಪು ಅದು. ಯಾರೂ ಹೇಳಿಕೊಡದ ಮಾತನ್ನು ನಿಯಮ ಹಿಡಿದು ಮಗು ತಾನೇ ಕಟ್ಟಿದೆ. "ಹೌದವ್ವಾ, ಇಪ್ಪತ್ತರ ಮೇಲೆ ಹತ್ತು. ಈ ಹತ್ತನ್ನು ಕಟ್ಟಿಬಿಡು, ಈಗ ಎಷ್ಟು ಕಟ್ಟಾತು?" ಎನ್ನಿ. ಮೂರು ಕಟ್ಟು ನೋಡಿದ ಮೇಲೆ ಮೂವತ್ತು ಎಂಬ ಮಾತು ಬರಲಿ. ಇಪ್ಪತ್ತೈದನ್ನು 205 ಎಂದು ಬರೆಯುವ ಮಗುವೂ ಕೇಳಿದ್ದನ್ನೇ ನಿಷ್ಠೆಯಿಂದ ಬರೆದಿದೆ. ರಟ್ಟಿನಲ್ಲಿ 20 ಎಂಬ ಉದ್ದ ಕಾರ್ಡು, 5 ಎಂಬ ಗಿಡ್ಡ ಕಾರ್ಡು ಮಾಡಿ, ಸೊನ್ನೆಯ ಮೇಲೆ ಐದನ್ನು ಕೂರಿಸಿ ತೋರಿಸಿ, ಮತ್ತೆ ಎತ್ತಿ ತೋರಿಸಿ. ಅಡಿಯಲ್ಲಿ ಸೊನ್ನೆ ಹಾಗೇ ಇರುವುದನ್ನು ಕಂಡು ಮಕ್ಕಳು ಖುಷಿಪಡುತ್ತಾರೆ.

ನಿಮ್ಮಲ್ಲಿ ಮನೆಮಾತು ಉರ್ದುವೋ ಮರಾಠಿಯೋ ಆಗಿರುವ ಮಕ್ಕಳಿದ್ದರೆ ಒಂದು ವಿಷಯ ನೆನಪಿರಲಿ. ಅವರ ಮನೆಯ ಎಣಿಕೆಯಲ್ಲಿ 29 ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದಲ್ಲಿ ಇಪ್ಪತ್ತಕ್ಕೆ ಒಂಬತ್ತು ಹೆಚ್ಚು. ಅವರು ಅಲ್ಲಿ ತಡವರಿಸಿದರೆ ಅದಕ್ಕೆ ಕಾರಣವಿದೆ. ವಸ್ತುಗಳನ್ನು ಮೊದಲು ಮನೆಮಾತಿನಲ್ಲೇ ಎಣಿಸಲಿ, ಎಣಿಕೆ ಗಟ್ಟಿಯಾದ ಮೇಲೆ ಕನ್ನಡದ ಹೆಸರು ಬೇಗ ಬರುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡಲು ಸಮಯ ಎಲ್ಲಿ ಎಂದು ನೀವು ಕೇಳಬಹುದು. ನಲಿಕಲಿಯ ಗುಂಪುಗಳು ಇರುವುದೇ ಅದಕ್ಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾದಾಗಿನಿಂದಲೂ ಮಗು ತನ್ನ ವೇಗದಲ್ಲಿ ಮೈಲಿಗಲ್ಲು ದಾಟಲಿ ಎಂಬುದೇ ಆಶಯ. ತಾವೇ ಅಭ್ಯಾಸ ಮಾಡಿಕೊಳ್ಳಬಲ್ಲ ಮಕ್ಕಳು ಕಾರ್ಡು ಹಿಡಿದು ಕೂತಾಗ, ನಿಮ್ಮ ಮುಂದಿರುವ ನಾಲ್ಕೈದು ಮಕ್ಕಳಿಗೆ ಬೀಜದ ತಟ್ಟೆ ಇಡಿ. ಮೂರನೆಯ ತರಗತಿಯ ಮಗುವನ್ನು ಪಕ್ಕಕ್ಕೆ ಕೂರಿಸಿದರೆ "ಇಷ್ಟು ತಾ" ಎಂದು ಅದೇ ಕೇಳುತ್ತದೆ, ನಮಗಿಂತ ಕಟ್ಟುನಿಟ್ಟಾಗಿ.

ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದಿರುವ ನಿಪುಣ ಭಾರತ ಯೋಜನೆಯ ಗುರಿಯಲ್ಲಿ ಒಂದನೇ ತರಗತಿ ಮುಗಿಯುವಾಗ 99ರವರೆಗೆ ಓದಿ ಬರೆಯಬೇಕು ಎಂದಿದೆ, ಅದನ್ನು ನೋಡಿ ಜೂನ್‌ನಲ್ಲೇ ಪುಟಗಟ್ಟಲೆ ಬರೆಸಲು ಹೊರಡಬೇಡಿ. ಶಾಲಾಪೂರ್ವ ಹಂತಕ್ಕೆ ಅದೇ ಯೋಜನೆ ಇಟ್ಟಿರುವುದು ಹತ್ತರವರೆಗಿನ ಗುರಿ, ನಿಮ್ಮ ಮಕ್ಕಳಿಗೆ ಈಗ ಬೇಕಾದದ್ದು ಅದು. ಹತ್ತು ಗಟ್ಟಿಯಾದ ಮಗು ದಸರಾ ರಜೆಯ ನಂತರ ಕಟ್ಟುಗಳ ಜೊತೆ ಬೇಗ ಮುಂದೆ ಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಪಾಲಕರು "ನಮ್ಮ ಹುಡುಗ ನೂರು ಬರೆಯುವುದಿಲ್ಲ" ಎಂದು ಬಂದರೆ, ಮಗುವಿನ ಕೈಯಿಂದಲೇ ಎಂಟು ಬೀಜ ಎಣಿಸಿ ಕೊಡಿಸಿ. ಮನೆಯಲ್ಲೂ ರೊಟ್ಟಿ, ಈರುಳ್ಳಿ, ಮೆಣಸಿನಕಾಯಿ ಎಣಿಸಿ ತರಲು ಹೇಳಿ ಎಂದು ಅವರಿಗೆ ತಿಳಿಸಿ. ನನ್ನ ಅನುಭವದಲ್ಲಿ ಪಾಲಕರು ಇದನ್ನು ಬೇಗ ಒಪ್ಪುತ್ತಾರೆ.

ಈ ವಾರ ಒಂದೇ ಕೆಲಸ ಮಾಡಿ. ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ, ಅದು ಎಷ್ಟರವರೆಗೆ ಬಾಯಲ್ಲಿ ಹೇಳುತ್ತದೆ, ಎಷ್ಟರವರೆಗೆ ಎಣಿಸಿ ಕೊಡುತ್ತದೆ ಎಂದು ಎರಡು ಅಂಕಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಎರಡನೆಯ ಅಂಕಿಯನ್ನು ಮಾತ್ರ ಮತ್ತೆ ನೋಡಿ. ಮೂರರಲ್ಲೇ ನಿಂತ ಮಕ್ಕಳನ್ನು ನಿಮ್ಮ ಹತ್ತಿರದ ಗುಂಪಿನಲ್ಲಿ ಕೂರಿಸಿಕೊಳ್ಳಿ, ಏಳು ಎಂಟು ಕೊಡುವವರಿಗೆ ಕಡ್ಡಿ ಮತ್ತು ರಬ್ಬರ್ ಬ್ಯಾಂಡ್ ಕೊಟ್ಟುಬಿಡಿ.