‘ಹೋಗಬೇಡ’ ಎಂದ ಕೋಚ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಇವರು ಅಮೆರಿಕದ ದಕ್ಷಿಣ ಭಾಗದ ಒಂದು ಕಾಲೇಜಿನಲ್ಲಿ ಬೇಸ್‌ಬಾಲ್ ಪಿಚಿಂಗ್ (ಚೆಂಡೆಸೆತದ) ಕೋಚ್. ಹಿಂದೆ ಮೈನರ್ ಲೀಗ್ ಆಟಗಾರ, ಅಂದರೆ ವೃತ್ತಿಪರ ಬೇಸ್‌ಬಾಲ್‌ನ ಕೆಳ ಹಂತಗಳಲ್ಲಿ ಆಡಿದವರು. ಡಬಲ್-ಎ ಹಂತದವರೆಗೆ ಏರಿದ್ದರು. ಮೊಣಕೈ ಶಸ್ತ್ರಚಿಕಿತ್ಸೆಯ ನಂತರ 2018ರಲ್ಲಿ, ಸೀಸನ್‌ಗೆ ಮುಂಚಿನ ವಸಂತ ತರಬೇತಿಯಲ್ಲೇ ತಂಡ ಇವರನ್ನು ಕೈಬಿಟ್ಟಿತು. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್ ಡಬಲ್-ಎಯಿಂದ ಎರಡೇ ಮೆಟ್ಟಿಲು ಮೇಲಿತ್ತು.

ಈಗ ಮೂರನೇ ವರ್ಷದ ಶಿಷ್ಯನೊಬ್ಬ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾಗಿದ್ದಾನೆ. ಕರಾರಿಗೆ ಸಹಿ ಹಾಕಲೋ, ಓದು ಮುಗಿಸಲೋ ಎಂದು ಕೇಳಿದವನಿಗೆ ಇವರು, "ಹೋಗಬೇಡ, ಹಾಳಾಗುತ್ತೀಯ" ಎಂದುಬಿಟ್ಟರು. ಕಾಲೇಜು ತಂಡ ಗೆಲ್ಲಲೆಂದು ಮಗನನ್ನು ಕಟ್ಟಿಹಾಕುತ್ತಿದ್ದಾರೆ ಎಂದು ತಂದೆ ದೂರು ಕೊಟ್ಟರು. ಕೋಚ್‌ಗೆ ನಿದ್ದೆ ಹಾರಿತು.

ಮಾತನಾಡುವಾಗ ಅವರ ಕೈಯಲ್ಲೊಂದು ಚೆಂಡು. ಹುಡುಗರ ವಿಷಯ ಬಂದಾಗ ಎರಡು ಬೆರಳು ಕೆಂಪು ಹೊಲಿಗೆಯ ಮೇಲೆ ಸಲೀಸಾಗಿ ಓಡುತ್ತಿದ್ದವು. 2018ರ ಮಾತು ಬಂದೊಡನೆ ಚೆಂಡು ಮುಷ್ಟಿಯೊಳಗೆ ಸೇರಿತು.

"ನೀವು ಯಾವ ವರ್ಷದ ಮೈನರ್ ಲೀಗ್ ಬಗ್ಗೆ ಅವನಿಗೆ ಹೇಳಿದಿರಿ?" ಎಂದು ಕೇಳಿದೆ. ತಮ್ಮದೇ ಎಂದರು. ಆಗ ಡಬಲ್-ಎ ಕನಿಷ್ಠ ವೇತನ ವಾರಕ್ಕೆ ಸುಮಾರು 350 ಡಾಲರ್, ಅದೂ ಸೀಸನ್ ಇದ್ದಷ್ಟು ದಿನ. ಬಾಡಿಗೆ ಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ. 2022ರಿಂದ ಬಹುತೇಕ ಆಟಗಾರರಿಗೆ ತಂಡವೇ ವಸತಿ ಕೊಡುತ್ತದೆ. 2023ರ ಕಾರ್ಮಿಕ ಒಪ್ಪಂದದಲ್ಲಿ ಅದೇ ಹಂತದ ಕನಿಷ್ಠ ವಾರ್ಷಿಕ ವೇತನ 30,250 ಡಾಲರ್ ಆಯಿತು. ಶ್ರೀಮಂತಿಕೆಯೇನಲ್ಲ, ಆದರೆ ಅದೇ ಬಡತನವೂ ಅಲ್ಲ. ಇದೆಲ್ಲ ಕೋಚ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಹುಡುಗನ ಎದುರು ಮಾತ್ರ ನೆನಪಾಗಲಿಲ್ಲ. ತಂದೆಯ ಆರೋಪ ತಪ್ಪು ಎಂದೇ ನನ್ನ ಅಭಿಪ್ರಾಯ. ಇವರು ಕಟ್ಟಿಹಾಕಲು ಹೊರಟಿದ್ದು ತಮ್ಮದೇ ಇಪ್ಪತ್ತೊಂದರ ಹರೆಯವನ್ನು.

ನಾನು ಕೊಟ್ಟ ಸಲಹೆ: ಸಹಿಯ ಗಡುವಿಗೆ ಮುನ್ನ ಹುಡುಗನನ್ನೂ ತಂದೆಯನ್ನೂ ಒಟ್ಟಿಗೆ ಕೂರಿಸಿಕೊಳ್ಳಿ. ‘ಹೋಗಬೇಡ’ ಎಂದದ್ದನ್ನು ಹಿಂದಕ್ಕೆ ಪಡೆಯಿರಿ. ನಿಮಗಾದದ್ದನ್ನು ನಿಮಗಾದದ್ದು ಎಂದೇ ಹೇಳಿ. ಮೂರನೇ ವರ್ಷದಲ್ಲಿ ‘ಕಾಲೇಜಿಗೆ ಮರಳುತ್ತೇನೆ’ ಎಂದು ತಂಡದೊಡನೆ ಚೌಕಾಸಿ ಮಾಡುವ ಪಟ್ಟು ಅವನ ಕೈಯಲ್ಲಿದೆ, ಓದು ಮುಗಿಯುವ ಮುಂದಿನ ವರ್ಷ ಅದು ಸಡಿಲವಾಗುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಮುಂದೆ ಓದು ಮುಗಿಸುವ ಖರ್ಚನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಹೇಳಿ. ‘ನೀವಾಗಿದ್ದರೆ?’ ಎಂದು ಕೇಳಿದರೆ ಉತ್ತರಿಸಬೇಡಿ.

ಕೊನೆಯದು ಕಷ್ಟ ಎಂದರು. ಹೌದು, ಕಷ್ಟವೇ.

ಹುಡುಗ ಸಹಿ ಹಾಕಿದ. ದೂರು ಅಲ್ಲಿಗೇ ನಿಂತಿತು. ಕೋಚ್ ಇನ್ನೂ ಬರುತ್ತಿದ್ದಾರೆ. 2018ರ ಮಾತು ಈಗಷ್ಟೇ ಶುರುವಾಗಿದೆ.