ಸರ್ ಲೆಕ್ಕ ತಪ್ಪಾಗಿದೆ ಅಂತ ಹೇಗೆ ಹೇಳಲಿ? – ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ವಿದ್ಯಾರ್ಥಿನಿಯ ಒಪ್ಪಿಗೆ ಇದೆ.)

ಅವಳು ಪದವಿ ಓದುತ್ತಿರುವ ಹುಡುಗಿ. ಕಾಲೇಜಿನೊಳಗೇ ಇರುವ ಸಾರ್ವಜನಿಕ ನೀತಿ ಅಧ್ಯಯನ ಸಂಸ್ಥೆಯಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಮಾಡುತ್ತಿದ್ದಳು. ಬಂದು ಕೂತವಳೇ, "ಮೇಡಂ, ಇದನ್ನ ಬಿಟ್ಟುಬಿಡ್ತೀನಿ. ಬಿಡೋಕೆ ಒಂದು ಒಳ್ಳೆ ಕಾರಣ ಹೇಳಿಕೊಡಿ" ಅಂದಳು.

ಕೆಲಸ ಬೇಸರ ಅಂತ ಶುರು ಮಾಡಿದಳು. ಈ ದೂರು ನನಗೆ ಹೊಸದಲ್ಲ. ಸರ್ಕಾರದ ನೀತಿಯನ್ನೇ ಬದಲಿಸುತ್ತೇವೆ ಅಂದುಕೊಂಡು ಹೋದ ಮಕ್ಕಳಿಗೆ ಅಲ್ಲಿ ಸಿಗುವುದು ಹಳೇ ವರದಿ ಓದಿ ಟಿಪ್ಪಣಿ ಮಾಡುವುದು, ಸಂದರ್ಶನ ಕೇಳಿ ಬರೆದಿಡುವುದು, ಸಮೀಕ್ಷೆಯ ಡೇಟಾ ಸರಿಪಡಿಸುವುದು. ಆದರೆ ಬೇಸರ ಬಂದವರು ರಾತ್ರಿ ಎರಡು ಗಂಟೆಗೆ ಎದ್ದು ಅದೇ ಫೈಲ್ ತೆರೆದು ಕೂರುವುದಿಲ್ಲ. ಇವಳು ಕೂರುತ್ತಿದ್ದಳು. ಊಟ ಕಡಿಮೆಯಾಗಿತ್ತು, ನಿದ್ದೆ ಕೆಟ್ಟಿತ್ತು. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಇದೆಯಾ ಅಂತ ನೇರವಾಗಿಯೇ ಕೇಳಿದೆ. ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಿಜವಾದ ವಿಷಯ ಹೊರಬಂತು. ಸಾರ್ವಜನಿಕ ಸಾರಿಗೆಯ ಬಗ್ಗೆ ಒಂದು ಸಮೀಕ್ಷೆ. ಹೊಸ ಯೋಜನೆಗೆ ನಿಮ್ಮ ಬೆಂಬಲ ಇದೆಯೇ ಅನ್ನುವ ಪ್ರಶ್ನೆಗೆ ಹೌದು, ಇಲ್ಲ ಅಂದವರ ಜೊತೆಗೆ "ಗೊತ್ತಿಲ್ಲ" ಅಂದವರೂ ಇದ್ದರು, ಉತ್ತರ ಕೊಡದವರೂ ಇದ್ದರು. ಈ ಕೊನೆಯ ಎರಡಕ್ಕೆ, ಯಾವ ಉತ್ತರಕ್ಕೆ ಯಾವ ಅಂಕಿ ಅಂತ ಬರೆದಿಟ್ಟ ಕೋಡ್‌ಬುಕ್ಕಿನಲ್ಲಿ 8 ಮತ್ತು 9 ಅಂತ ಬೇರೆ ಅಂಕಿ ಕೊಟ್ಟಿದ್ದರು. ಲೆಕ್ಕ ಹಾಕಿದ ಫೈಲಿನಲ್ಲಿ ಮಾತ್ರ ಎರಡೂ ಹೋಗಿ "ಇಲ್ಲ"ಕ್ಕೆ ಸೇರಿಕೊಂಡಿದ್ದವು. ಕರಡು ವರದಿಯ ಮೊದಲ ಪುಟದಲ್ಲಿ "ಬಹುಪಾಲು ಜನರ ವಿರೋಧ" ಎಂದಿತ್ತು. ಬೇರ್ಪಡಿಸಿ ಎಣಿಸಿದರೆ ಆ "ಬಹುಪಾಲು" ಉಳಿಯುತ್ತಿರಲಿಲ್ಲ.

ಯೋಜನೆಯ ಮುಖ್ಯಸ್ಥರು ಅವಳ ಪ್ರಾಧ್ಯಾಪಕರೇ. ಮುಂದಿನ ಸೆಮಿಸ್ಟರಿನಲ್ಲಿ ಅಂಕ ಕೊಡುವವರು ಅವರು, ಸ್ನಾತಕೋತ್ತರಕ್ಕೆ ಶಿಫಾರಸು ಪತ್ರ ಬರೆಯುವವರೂ ಅವರು. ಹೊರಗಿನ ಕಚೇರಿಯಾಗಿದ್ದರೆ ಬೇಸಿಗೆ ಮುಗಿದ ಮೇಲೆ ಮುಖ ನೋಡಬೇಕಾಗಿಲ್ಲ. ಕಾಲೇಜಿನ ಸಂಸ್ಥೆಯಲ್ಲಿ ಆ ಅನುಕೂಲ ಇಲ್ಲ. ಮೇಲಧಿಕಾರಿ, ಗುರು, ಪರೀಕ್ಷಕ ಮೂವರೂ ಒಬ್ಬರೇ. ಇಂಥ ಕಡೆ "ಧೈರ್ಯವಾಗಿ ಹೇಳಿಬಿಡು" ಅನ್ನುವುದು ಸುಲಭ, ಹೇಳುವವರಿಗೆ ಏನೂ ನಷ್ಟ ಇಲ್ಲ ಅಲ್ವಾ?

"ಸರ್ ಬೇಕಂತಲೇ ಮಾಡಿದ್ದಾರೆ ಅನ್ಸುತ್ತೆ" ಅಂದಳು.

"ನೀನು ಕಣ್ಣಾರೆ ನೋಡಿದ್ದು ಏನು?"

"8, 9 ಎರಡೂ 'ಇಲ್ಲ' ಅಂದವರ ಕಡೆ ಸೇರಿವೆ."

"ಅಷ್ಟೇನಾ?"

"ಅಷ್ಟೇ."

ಮೂರು ವಿಷಯ ಅವಳ ತಲೆಯಲ್ಲಿ ಒಂದಾಗಿಬಿಟ್ಟಿದ್ದವು: ನೋಡಿದ್ದು, ಊಹಿಸಿದ್ದು, ಹೆದರಿದ್ದು. ಅವುಗಳನ್ನು ಬೇರೆ ಮಾಡುವುದಕ್ಕೇ ಮೊದಲ ಭೇಟಿ ಪೂರ್ತಿ ಹೋಯಿತು. ಹಾಳೆಯಲ್ಲಿ ಬರೆಸಿದಾಗ ನೋಡಿದ್ದು ಎರಡು ಸಾಲು, ಹೆದರಿದ್ದು ಒಂದು ಪುಟ.

ಅವಳಿಗೆ ಒಂದು ನಿಜ ಘಟನೆ ಹೇಳಿದೆ. ಸಾಲ ಹೆಚ್ಚಾದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಹಲವು ದೇಶಗಳ ಖರ್ಚು ಕಡಿತದ ಚರ್ಚೆಯಲ್ಲಿ ಅದರ ಹೆಸರು ಬಂದಿತ್ತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಕ್ಲಾಸಿನ ಅಭ್ಯಾಸಕ್ಕೆಂದು ಅದೇ ಲೆಕ್ಕ ಮತ್ತೆ ಮಾಡಲು ಹೋದ. ಉತ್ತರ ಹೊಂದಲಿಲ್ಲ. ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಶೀಟ್ ತರಿಸಿಕೊಂಡ. ಸರಾಸರಿ ತೆಗೆಯುವಾಗ 5 ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಜಿಡಿಪಿಯ ಶೇ. 90ಕ್ಕಿಂತ ಜಾಸ್ತಿ ಸಾಲ ಇರುವ ದೇಶಗಳ ಸರಾಸರಿ ಬೆಳವಣಿಗೆ ಪ್ರಬಂಧದಲ್ಲಿ ಮೈನಸ್ ಶೇ. 0.1 ಇತ್ತು. ಹರ್ನ್‌ಡನ್ ತನ್ನ ಇಬ್ಬರು ಪ್ರಾಧ್ಯಾಪಕರ ಜೊತೆ 2013ರಲ್ಲಿ ಹೊರತಂದ ಲೆಕ್ಕದಲ್ಲಿ ಅದು ಶೇ. 2.2.

ಅವಳ ಮುಖ ಅರಳಿತು. ನಾನು ಈ ಕಥೆ ಹೇಳಿದ್ದು ಅದಕ್ಕಲ್ಲ. ಆ ವ್ಯತ್ಯಾಸ ಪೂರ್ತಿ ಎಕ್ಸೆಲ್ ತಪ್ಪಿನಿಂದ ಬಂದದ್ದಲ್ಲ. ಅದರ ಪಾಲು ಸಣ್ಣದು. ಯಾವ ವರ್ಷಗಳ ಅಂಕಿ ಬಿಟ್ಟರು, ಒಂದೊಂದು ದೇಶಕ್ಕೆ ಎಷ್ಟು ತೂಕ ಕೊಟ್ಟರು ಎಂಬುದೇ ದೊಡ್ಡ ಪಾಲು. ಶೀಟಿನ ತಪ್ಪನ್ನು ಲೇಖಕರು ಒಪ್ಪಿಕೊಂಡರು, ಉಳಿದದ್ದನ್ನು ಸಮರ್ಥಿಸಿಕೊಂಡರು. ಕೈತಪ್ಪು ಬೇರೆ, ಆಯ್ಕೆ ಬೇರೆ. "ಗೊತ್ತಿಲ್ಲ" ಅಂದವರನ್ನು "ಬೆಂಬಲ ಇಲ್ಲದವರು" ಅಂತ ಸೇರಿಸುವುದು ಯಾರೋ ಯೋಚಿಸಿ ಮಾಡಿದ ತೀರ್ಮಾನವೂ ಆಗಿರಬಹುದು. ಹಾಗಿದ್ದರೆ ಅದನ್ನು ವರದಿಯಲ್ಲಿ ಹೇಳಬೇಕಿತ್ತು, "ವಿರೋಧ" ಅನ್ನಬಾರದಿತ್ತು. ಆದರೆ ಅದು ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಬಹುದು, ಆರೋಪ ಮಾಡಲಾಗದು.

ಹೀಗೆ ಸಲಹೆ ಕೊಟ್ಟೆ. ಒಂದೇ ಪುಟದ ಟಿಪ್ಪಣಿ ಮಾಡು. ಯಾವ ಫೈಲ್, ಯಾವ ದಿನದ ಪ್ರತಿ, ಯಾವ ಪ್ರಶ್ನೆ, ಕೋಡ್‌ಬುಕ್ಕಿನಲ್ಲಿ ಏನಿದೆ, ಎರಡು ರೀತಿ ಎಣಿಸಿದರೆ ಏನೇನು ಬರುತ್ತದೆ, ಇಷ್ಟೇ ಇರಲಿ. ಕೊನೆಗೆ ಒಂದು ಪ್ರಶ್ನೆ: ಇವನ್ನು ಸೇರಿಸಬೇಕು ಅಂತ ತೀರ್ಮಾನ ಆಗಿತ್ತೇ? ವಿಶೇಷಣ ಒಂದೂ ಬೇಡ. ನೇರ ಪ್ರಾಧ್ಯಾಪಕರ ಹತ್ತಿರ ಹೋಗುವ ಮೊದಲು ದಿನಾ ಆ ಡೇಟಾ ನೋಡುವ ಸಂಶೋಧನಾ ಸಹಾಯಕಿಗೆ ತೋರಿಸು. ನಿನ್ನ ಎಣಿಕೆಯೇ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಾಯಲ್ಲಿ ಮಾತಾಡಿದ್ದನ್ನು ಅವತ್ತೇ ಚಿಕ್ಕ ಮೇಲ್ ಮಾಡಿ ಕಳಿಸು. ಗೆಳೆಯರ ವಾಟ್ಸಾಪ್ ಗುಂಪಿಗೆ ಫೈಲ್ ಹಾಕಲೇಬೇಡ. ಅದು ಉತ್ತರ ಕೊಟ್ಟ ಜನರ ಗುಟ್ಟು, ನೀನು ಸಹಿ ಹಾಕಿದ ಕರಾರೂ ಇದೆ.

"ಸರ್ ಸಿಟ್ಟಾದ್ರೆ?"

ಆಗಬಹುದು ಅಂದೆ. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ಶಿಫಾರಸು ಪತ್ರಕ್ಕೆ ಒಬ್ಬರನ್ನೇ ನಂಬಿಕೊಳ್ಳಬೇಡ, ಬೇರೆ ಇಬ್ಬರು ಅಧ್ಯಾಪಕರನ್ನು ಈಗಲೇ ಮಾತಾಡಿಸಿಡು ಎಂದೆ. ನಿಜ ಹೇಳಬೇಕೆಂದರೆ ಅವಳ ನಿದ್ದೆಗೆ ನಾನು ಹೇಳಿಕೊಟ್ಟ ಉಸಿರಾಟದ ಅಭ್ಯಾಸಕ್ಕಿಂತ ಈ ಮಾತೇ ಜಾಸ್ತಿ ಕೆಲಸ ಮಾಡಿತು. ಟಿಪ್ಪಣಿ ಕೊಟ್ಟ ಮೇಲೂ ಬಿಡಬೇಕು ಅನಿಸಿದರೆ ಬಿಡು, ಆಗ ಕಾರಣ ಹುಡುಕಬೇಕಾಗಿಲ್ಲ ಎಂದೂ ಹೇಳಿದ್ದೆ.

ಸಹಾಯಕಿ ಟಿಪ್ಪಣಿ ಓದಿ, ಲೆಕ್ಕ ಹಾಕಲು ಹಿಂದಿನ ತಂಡ ಬರೆದ ಕಂಪ್ಯೂಟರ್ ಪ್ರೋಗ್ರಾಂ ಹಾಗೇ ಬಳಸಿದ್ದೇವೆ, ಯಾರೂ ತೆರೆದು ನೋಡಿರಲಿಲ್ಲ ಎಂದರಂತೆ. ಪ್ರಾಧ್ಯಾಪಕರು "ಸರಿ, ನೋಡ್ತೀವಿ" ಅಂದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಒಂದು ವಾರ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ. ಅಂತಿಮ ವರದಿಯಲ್ಲಿ "ಬಹುಪಾಲು" ಹೋಗಿ ಒಂದೊಂದು ಗುಂಪಿನ ಲೆಕ್ಕ ಬೇರೆ ಬೇರೆಯಾಗಿ ಬಂತು.

ಅವಳು ಇಂಟರ್ನ್‌ಶಿಪ್ ಮುಗಿಸಿದಳು. ಕೊನೆಯ ಭೇಟಿಯಲ್ಲಿ ಸಿಟ್ಟು ಬೇರೆ ವಿಷಯಕ್ಕಿತ್ತು. ವರದಿಯಲ್ಲಿ ಎಲ್ಲೂ ಅವಳ ಹೆಸರಿಲ್ಲ. ಸಂಶೋಧನಾ ಪತ್ರಿಕೆಗಳು ಯಾರು ಏನು ಮಾಡಿದರು ಎಂದು ಹೇಳಲು ಬಳಸುವ 'ಕ್ರೆಡಿಟ್' ಎಂಬ ಪಟ್ಟಿ ಇದೆ. ಅದರಲ್ಲಿ 14 ಬಗೆಯ ಕೆಲಸಗಳಿವೆ. ಡೇಟಾ ಸರಿಪಡಿಸಿ ಕಾಪಾಡುವುದೂ, ಫಲಿತಾಂಶ ಸರಿಯಿದೆಯೇ ಎಂದು ಪರೀಕ್ಷಿಸುವುದೂ ಅದರಲ್ಲಿ ಪ್ರತ್ಯೇಕ ಕೆಲಸಗಳು. ಸಂಸ್ಥೆಯ ವರದಿಗೆ ಆ ಪಟ್ಟಿ ಕಡ್ಡಾಯವಲ್ಲ. ಆದರೂ "ನನ್ನ ಹೆಸರು ಹಾಕಿ" ಅಂತ ಸುಮ್ನೆ ಕೇಳುವ ಬದಲು ಯಾವ ಕೆಲಸಕ್ಕೆ ಅಂತ ಬರೆದು ಕೇಳು ಎಂದೆ. ಕೇಳಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.